ಗೋಡೆ ತಡೆಯದ ವಲಸೆ: ಅಮೆರಿಕದ ಗಡಿ ಚರ್ಚೆಯ ತಪ್ಪು ಕಲ್ಪನೆಗಳು

2025ರ ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನವೊಂದು 104 ಭಾರತೀಯರನ್ನು ಅಮೃತಸರಕ್ಕೆ ತಂದಿಳಿಸಿತು. ಹಲವರ ಕೈಕಾಲಿಗೆ ಬೇಡಿ ಹಾಕಿದ್ದರು. ಅಲ್ಲಿಯವರೆಗೆ ದೂರದ ದೇಶದ ಜಗಳವಾಗಿದ್ದ ಅಕ್ರಮ ವಲಸೆ ನಮ್ಮ ಮನೆಗಳ ಮಾತಾಯಿತು. ಅಲ್ಲಿನ ತಪ್ಪು ಕಲ್ಪನೆಗಳೂ ಜೊತೆಗೇ ಬಂದವು.

ತಪ್ಪು ಕಲ್ಪನೆ: ಅಕ್ರಮ ವಲಸಿಗರೆಲ್ಲ ಮೆಕ್ಸಿಕೊ ಗಡಿ ನುಸುಳಿದವರು, ಗೋಡೆ ಕಟ್ಟಿದರೆ ಸಮಸ್ಯೆ ಮುಗಿಯುತ್ತದೆ.

ಸತ್ಯ: ಬಹಳಷ್ಟು ಜನ ಬಂದದ್ದು ವೀಸಾ ಪಡೆದು, ವಿಮಾನದಲ್ಲಿ, ಅಧಿಕಾರಿಗಳ ಕಣ್ಣೆದುರೇ. ಅವಧಿ ಮುಗಿದ ಮೇಲೆ ಹಿಂದಿರುಗಲಿಲ್ಲ. 2023ರ ಹಣಕಾಸು ವರ್ಷದಲ್ಲಿ ಹೀಗೆ ಉಳಿದವರು 5 ಲಕ್ಷಕ್ಕೂ ಹೆಚ್ಚು ಎನ್ನುತ್ತದೆ ಅಮೆರಿಕ ಸರ್ಕಾರದ್ದೇ ಲೆಕ್ಕ. ಸುಮಾರು 3,100 ಕಿ.ಮೀ. ಗಡಿಗೆ ಇಡಿಯಾಗಿ ಗೋಡೆ ಎದ್ದರೂ ಇವರಿಗೆ ಅದು ಅಡ್ಡವಾಗದು.

ಗೋಡೆಯ ಇನ್ನೊಂದು ಪರಿಣಾಮವನ್ನು ಹೇಳುವವರು ಕಡಿಮೆ. ಒಂದು ಕಾಲಕ್ಕೆ ಮೆಕ್ಸಿಕೊದ ಕೂಲಿಕಾರರು ಸುಗ್ಗಿಗೆ ಬಂದು, ದುಡಿದು, ಊರಿಗೆ ಮರಳುತ್ತಿದ್ದರು. 1994ರಲ್ಲಿ ಸ್ಯಾನ್ ಡಿಯಾಗೊ ಬಳಿ ಕಾವಲು ಬಿಗಿಯಾಯಿತು. ದಾರಿ ಅರಿಝೋನಾದ ಮರುಭೂಮಿಗೆ ಸರಿಯಿತು. ಸಾವು ಹೆಚ್ಚಿತು, ಗಡಿ ದಾಟಿಸುವ ದಲ್ಲಾಳಿಗಳ ದರ ಏರಿತು. ಒಮ್ಮೆ ದಾಟಿದವರು ಮತ್ತೆ ಜೀವ ಪಣಕ್ಕಿಡಲು ಹೆದರಿ ಅಲ್ಲೇ ನೆಲೆಸಿದರು, ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು. ಸಮಾಜಶಾಸ್ತ್ರಜ್ಞ ಡಗ್ಲಸ್ ಮ್ಯಾಸಿ ದಶಕಗಳ ಅಧ್ಯಯನದಿಂದ ತೋರಿಸಿದ್ದು ಇದನ್ನೇ. 1990ರಲ್ಲಿ ಸುಮಾರು 35 ಲಕ್ಷವಿದ್ದ ದಾಖಲೆರಹಿತ ವಲಸಿಗರು 2007ರ ಹೊತ್ತಿಗೆ 1.22 ಕೋಟಿಯಾದರು.

ಹಾಗೆಂದು ಕಾವಲಿನಿಂದ ಏನೂ ಆಗದು ಎನ್ನುವುದೂ ತಪ್ಪೇ. 2023ರ ಡಿಸೆಂಬರ್ ಒಂದರಲ್ಲೇ ದಕ್ಷಿಣ ಗಡಿಯಲ್ಲಿ ಸುಮಾರು 2.5 ಲಕ್ಷ ಜನ ಸಿಕ್ಕಿಬಿದ್ದಿದ್ದರು. ಗಡಿ ಬಿಗಿಮಾಡಿ, ಆಶ್ರಯ ಕೋರುವ ದಾರಿಯನ್ನೂ ಮುಚ್ಚಿದ ಮೇಲೆ 2025ರಲ್ಲಿ ಆ ಸಂಖ್ಯೆ ತೀರಾ ಕೆಳಗಿಳಿಯಿತು. ಗಡಿಯ ಆ ದಟ್ಟಣೆ ಕಂಡು ಕಳವಳ ಪಟ್ಟ ಅಮೆರಿಕನ್ನರೆಲ್ಲ ದ್ವೇಷಿಗಳಲ್ಲ.

ತಪ್ಪು ಕಲ್ಪನೆ: ವಲಸಿಗರಿಂದಲೇ ಅಪರಾಧ, ಅವರಿಂದಲೇ ಫೆಂಟನಿಲ್ ಎಂಬ ಮಾದಕವಸ್ತು.

ಸತ್ಯ: ಟೆಕ್ಸಾಸ್‌ನಲ್ಲಿ ಬಂಧಿತರ ಬೆರಳಚ್ಚನ್ನು ವಲಸೆ ದಾಖಲೆಯೊಂದಿಗೆ ತಾಳೆ ನೋಡುತ್ತಾರೆ. ಅಲ್ಲಿನ 2012–18ರ ಅಂಕಿಅಂಶ ಆಧರಿಸಿದ ಅಧ್ಯಯನದ ಪ್ರಕಾರ ಗಂಭೀರ ಅಪರಾಧಕ್ಕೆ ಬಂಧಿತರಾಗುವ ಪ್ರಮಾಣ ಅಮೆರಿಕದಲ್ಲೇ ಹುಟ್ಟಿದವರಿಗಿಂತ ದಾಖಲೆರಹಿತರಲ್ಲಿ ಕಡಿಮೆ. ಫೆಂಟನಿಲ್ ಸಾಗಣೆಯಲ್ಲಿ 2023ರಲ್ಲಿ ಶಿಕ್ಷೆಗೊಳಗಾದವರಲ್ಲಿ ಶೇ 80ಕ್ಕೂ ಹೆಚ್ಚು ಜನ ಅಮೆರಿಕದ ಪ್ರಜೆಗಳೇ.

ತಪ್ಪು ಕಲ್ಪನೆ: ದಾಖಲೆರಹಿತರು ತೆರಿಗೆ ಕಟ್ಟುವುದಿಲ್ಲ.

ಸತ್ಯ: 2022ರಲ್ಲಿ ಅವರು ಕಟ್ಟಿದ್ದು 9,670 ಕೋಟಿ ಡಾಲರ್ ಎಂದು ಅಲ್ಲಿನ ತೆರಿಗೆ ಅಧ್ಯಯನ ಸಂಸ್ಥೆಯೊಂದು ಅಂದಾಜಿಸಿದೆ. ಪಿಂಚಣಿ ನಿಧಿಗೂ ಅವರಲ್ಲಿ ಹಲವರ ಸಂಬಳದಿಂದ ಹಣ ಕಡಿತವಾಗುತ್ತದೆ, ಆದರೆ ಪಿಂಚಣಿ ಅವರಿಗೆ ಸಿಗದು.

ತಪ್ಪು ಕಲ್ಪನೆ: ಸಾಲಿನಲ್ಲಿ ನಿಂತು ನ್ಯಾಯವಾಗಿ ಬರಬಹುದಿತ್ತಲ್ಲ?

ಸತ್ಯ: ಹೆಚ್ಚಿನವರಿಗೆ ನಿಲ್ಲಲು ಸಾಲೇ ಇಲ್ಲ. ವಿಶೇಷ ಕೌಶಲವಿಲ್ಲದ ಕೆಲಸಗಾರರಿಗೆ ಉದ್ಯೋಗದ ಆಧಾರದಲ್ಲಿ ಸಿಗುವ ಗ್ರೀನ್ ಕಾರ್ಡ್ ಇಡೀ ಜಗತ್ತಿಗೆ ಸೇರಿ ವರ್ಷಕ್ಕೆ 10,000 ಮೀರುವಂತಿಲ್ಲ. ಸಾಲು ಇದ್ದವರ ಪಾಡನ್ನು ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳು ಬಲ್ಲವು. ಉದ್ಯೋಗಾಧಾರಿತ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1.4 ಲಕ್ಷ, ಒಂದು ದೇಶಕ್ಕೆ ಶೇ 7ರ ಮಿತಿ. ಹೀಗಾಗಿ ನಮ್ಮ ಎಂಜಿನಿಯರುಗಳು ಹತ್ತು ವರ್ಷ ದಾಟಿದರೂ ಕಾಯುತ್ತಲೇ ಇದ್ದಾರೆ. ಅಲ್ಲೇ ಬೆಳೆದ ಅವರ ಮಕ್ಕಳು 21 ತುಂಬಿದೊಡನೆ ಅಪ್ಪ ಅಮ್ಮನ ವೀಸಾದ ಆಸರೆ ಕಳೆದುಕೊಳ್ಳುತ್ತಾರೆ. ನಿಯಮ ಪಾಲಿಸಿದವರ ಸಿಟ್ಟು ನ್ಯಾಯವಾದದ್ದು. ಆದರೆ ಗಡಿ ದಾಟಿದ ಕೂಲಿಕಾರ ಅವರ ಜಾಗ ಕಸಿದುಕೊಂಡಿಲ್ಲ; ಆ ಸಿಟ್ಟು ತಲುಪಬೇಕಾದದ್ದು ಮೂರು ದಶಕಗಳಿಂದ ಮಿತಿಯನ್ನು ಬದಲಿಸದ ಶಾಸನಸಭೆಗೆ.

ಆ ಸಭೆಯಲ್ಲೂ ಬದಲಾವಣೆಯ ಯತ್ನ ನಡೆದಿತ್ತು. 2013ರ ಜೂನ್‌ನಲ್ಲಿ ಅದರ ಮೇಲ್ಮನೆಯಾದ ಸೆನೆಟ್ 68–32 ಮತಗಳಿಂದ ಒಂದು ಮಸೂದೆಯನ್ನು ಅಂಗೀಕರಿಸಿತ್ತು. ಗಡಿ ಕಾವಲುಗಾರರ ಸಂಖ್ಯೆ ದುಪ್ಪಟ್ಟು, ದಂಡ ಮತ್ತು ತೆರಿಗೆ ಕಟ್ಟಿದ ದಾಖಲೆರಹಿತರಿಗೆ ಹಂತ ಹಂತವಾಗಿ ಪೌರತ್ವ, ಉದ್ಯೋಗಾಧಾರಿತ ಗ್ರೀನ್ ಕಾರ್ಡಿನ ದೇಶವಾರು ಮಿತಿ ರದ್ದು: ಮೂರೂ ಅದರಲ್ಲಿದ್ದವು. ಕೆಳಮನೆಯಾದ ಪ್ರತಿನಿಧಿ ಸಭೆ ಅದನ್ನು ಮತಕ್ಕೇ ಹಾಕಲಿಲ್ಲ.