ಮೊರ ತುಂಬುವ ವಿದ್ಯೆ

ಭಾದ್ರಪದ ಶುಕ್ಲ ತದಿಗೆಗೆ ಇನ್ನು ನಾಲ್ಕೈದು ದಿವಸಗಳಿರುವಾಗ ಚಿಕ್ಕಬಳ್ಳಾಪುರದ ಪೇಟೆಬೀದಿಯಲ್ಲಾಗಲಿ ಶಿಡ್ಲಘಟ್ಟದ ಸಂತೆಯಲ್ಲಾಗಲಿ ನಡೆದುಹೋಗುವವರ ಕಣ್ಣಿಗೆ, ಗಣೇಶನ ಮಣ್ಣಿನ ವಿಗ್ರಹಗಳಿಗಿಂತ ಮುಂಚಿತವಾಗಿ, ಒಂದರೊಳಗೊಂದನ್ನು ಸೇರಿಸಿ ಎದೆಯೆತ್ತರಕ್ಕೆ ಪೇರಿಸಿಟ್ಟ ಹೊಸ ಮೊರಗಳು ಕಾಣಿಸುತ್ತವೆ. ಹಸಿ ಬಿದಿರಿನ ವಾಸನೆ ಅವುಗಳಲ್ಲಿ ಇನ್ನೂ ಆರಿರುವುದಿಲ್ಲ. ಪಕ್ಕದ ತಳ್ಳುಗಾಡಿಯಲ್ಲಿ ಕರಿಮಣಿ, ಬಿಚ್ಚೋಲೆ, ಅಂಗೈಯಗಲದ ಕನ್ನಡಿ, ಬಾಚಣಿಗೆ, ಕಾಡಿಗೆ ಡಬ್ಬಿಗಳನ್ನು ಒಂದೊಂದು ಪೊಟ್ಟಣವಾಗಿ ಕಟ್ಟಿ, ‘ಬಾಗಿನದ ಸಾಮಾನು’ ಎಂಬ ಒಂದೇ ಹೆಸರಿನಿಂದ ಮಾರುತ್ತಿರುತ್ತಾರೆ. ಅದೇ ಬೀದಿಯ ಮತ್ತೊಂದು ತುದಿಯ ಗಾಜಿನ ಅಂಗಡಿಯಲ್ಲಿ ಈಚೆಗೆ, ಪಾರದರ್ಶಕ ಹಾಳೆ ಸುತ್ತಿ ಕೆಂಪು ರಿಬ್ಬನ್ನಿನ ಗಂಟು ಹಾಕಿದ ‘ಗಿಫ್ಟ್ ಹ್ಯಾಂಪರ್’ಗಳು ಬಂದು ಕುಳಿತಿವೆ. ಅವನ್ನು ಕೊಳ್ಳಲು ಬಂದ ತರುಣ ದಂಪತಿಗಳು ಇದೊಂದು ನವೀನ ಕಲೆಯೆಂದು ಭಾವಿಸಿದ್ದರೆ ಅದರಲ್ಲಿ ಅವರ ತಪ್ಪೇನೂ ಇಲ್ಲ. ತಮ್ಮ ಅಜ್ಜಿಯ ಮೊರವೂ ಈ ಬುಟ್ಟಿಯೂ ಒಂದೇ ವಂಶದವೆಂದು ಅವರಿಗೆ ಯಾರೂ ಹೇಳಿರಲಾರರು.

ಒಂದು ಸಂದರ್ಭ, ಒಬ್ಬ ವ್ಯಕ್ತಿ, ಆ ಎರಡಕ್ಕೂ ಒಪ್ಪುವ ಹತ್ತಾರು ಪದಾರ್ಥಗಳು, ಅವೆಲ್ಲವನ್ನೂ ಹಿಡಿದಿಡುವ ಒಂದು ಪಾತ್ರೆ: ಉಡುಗೊರೆಯ ಬುಟ್ಟಿಯೆಂದರೆ ಇಷ್ಟೆ. ಸಂಸ್ಕೃತದ ‘ವಾಯನ’ ಶಬ್ದವು ಕನ್ನಡದ ನಾಲಗೆಯಲ್ಲಿ ‘ಬಾಯಿನ’ವಾಗಿ, ‘ಬಾಗಿನ’ವಾಗಿ ನೆಲೆಗೊಂಡಿತು. ಚಿಂತಾಮಣಿಯ ಕಡೆಯ ತೆಲುಗು ಮನೆಮಾತಿನವರಲ್ಲಿ ಅದು ಇಂದಿಗೂ ವಾಯನವೇ. ಅಲ್ಲಿ ಕೊಡುವವಳು ‘ಇಸ್ತಿನಮ್ಮ ವಾಯನಂ’ ಎನ್ನುತ್ತಾಳೆ, ಕೊಳ್ಳುವವಳು ‘ಪುಚ್ಚುಕುಂಟಿನಮ್ಮ ವಾಯನಂ’ ಎನ್ನುತ್ತಾಳೆ. ‘ಕೊಟ್ಟೆನಮ್ಮ’, ‘ತೆಗೆದುಕೊಂಡೆನಮ್ಮ’ ಎಂಬ ಇಷ್ಟು ಸರಳವಾದ ಸಾಕ್ಷ್ಯವಿಲ್ಲದೆ ದಾನವು ಪೂರ್ಣವಾಗಲಾರದೆಂದು ಆ ಹೆಂಗಸರ ಎಣಿಕೆ. ನಮ್ಮ ಆಡುಮಾತಿನ ‘ಮರದ ಬಾಗಿನ’ದಲ್ಲಿ ಮರವೆಂದರೆ ವೃಕ್ಷವಲ್ಲ, ಮೊರವೇ ಎಂಬುದನ್ನು ಪಟ್ಟಣದ ಮಕ್ಕಳಿಗಾಗಿ ಇಲ್ಲಿ ಹೇಳಬೇಕಾಗಿದೆ.

ಈ ಬಾಗಿನದ ಒಳಗೆ ಏನಿರುತ್ತದೆಯೆಂಬುದನ್ನು ಸ್ವಲ್ಪ ಸಾವಕಾಶವಾಗಿ ನೋಡಬೇಕು. ತಳದಲ್ಲಿ ಧಾನ್ಯಗಳು: ಅಕ್ಕಿ, ತೊಗರಿಬೇಳೆ, ಕಡಲೆಬೇಳೆ, ಹೆಸರುಬೇಳೆ, ಉದ್ದಿನಬೇಳೆ, ಗೋಧಿ, ರವೆ, ಒಂದೊಂದೂ ಒಂದೊಂದು ಪುಟ್ಟ ಪೊಟ್ಟಣದಲ್ಲಿ. ಅವುಗಳ ನಡುವೆ ಅಚ್ಚುಬೆಲ್ಲ, ತೆಂಗಿನಕಾಯಿ, ಋತುವಿನ ಹಣ್ಣು. ಮೇಲೆ ಅರಿಶಿನ, ಕುಂಕುಮ, ಹಸಿರು ಬಳೆ, ಕರಿಮಣಿ, ಬಿಚ್ಚೋಲೆ ಮೊದಲಾದ ಸೌಭಾಗ್ಯದ್ರವ್ಯಗಳು. ಕನ್ನಡಿ, ಬಾಚಣಿಗೆ, ಕಾಡಿಗೆ. ಮಡಿಸಿದ ರವಿಕೆ ಕಣ. ಎಲೆ ಅಡಿಕೆ, ದಕ್ಷಿಣೆ. ಹೊಟ್ಟೆಗೆ, ಮೈಗೆ, ಮಂಗಳಕ್ಕೆ ಎಂದು ಮೂರು ಪದರಗಳಾಗಿ ಇಲ್ಲಿ ಒಂದು ಸಂಸಾರವೇ ಸಂಕ್ಷೇಪಗೊಂಡಿದೆಯೆನ್ನಬಹುದು. ಇಷ್ಟನ್ನು ತುಂಬಿದ ಮೊರದ ಮೇಲೆ ಮತ್ತೊಂದು ಮೊರವನ್ನು ಬೋರಲಾಗಿ ಮುಚ್ಚಿ, ಗೌರಿಯ ಮುಂದೆ ಪೂಜಿಸಿ, 16 ಗಂಟಿನ ದಾರವನ್ನು ಕೈಗೆ ಕಟ್ಟಿಕೊಂಡ ಮುತ್ತೈದೆಯು ತನ್ನ ಸೆರಗಿನ ಮರೆಯಲ್ಲಿ ಹಿಡಿದು ಕೊಟ್ಟಾಗ, ಎದುರಿನವಳು ತನ್ನ ಸೆರಗಿನಲ್ಲಿಯೇ ಅದನ್ನು ಸ್ವೀಕರಿಸುತ್ತಾಳೆ. ಸಾಮಾನ್ಯವಾಗಿ ಐದು ಜೊತೆ ಮೊರಗಳನ್ನು ಸಿದ್ಧಪಡಿಸುವುದುಂಟು. ಒಂದು ಗೌರಿಗೆ ಮೀಸಲು, ಒಂದು ಹೆತ್ತ ತಾಯಿಗೆ. ಮಗಳಿಗೆ ತವರಿನಿಂದ ಮೊರವೇ ಬಾರದಿದ್ದರೂ ಅರಿಶಿನ ಕುಂಕುಮದ ಬಾಬತ್ತೆಂದು ಒಂದಿಷ್ಟು ಹಣವಾದರೂ ಬಂದೇ ಬರುತ್ತಿತ್ತು; ಗೌರಿಹಬ್ಬದ ವಾರದಲ್ಲಿ ಮನಿಯಾರ್ಡರಿನ ಅಂಚೆಯಣ್ಣನನ್ನು ಬಾಗಿಲಲ್ಲಿ ನಿಂತು ಕಾಯುತ್ತಿದ್ದ ಸೊಸೆಯಂದಿರನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ.

ನಮ್ಮ ಅಜ್ಜಿ ಮೊರ ಜೋಡಿಸುವಾಗ ಹೇಳುತ್ತಿದ್ದ ಒಂದು ಮಾತು ಈ ವಿದ್ಯೆಯ ಮೂಲಸೂತ್ರವೆಂದು ನನಗೆ ತೋರುತ್ತದೆ. “ಬರೀ ನೋಡೋಕೆ ಚೆನ್ನಾಗಿದ್ರೆ ಸಾಲದಪ್ಪ, ಅವರ ಮನೇಲಿ ಮೊರ ಬರಿದು ಮಾಡೋವಾಗ ಒಂದೊಂದೂ ಒಂದೊಂದು ಡಬ್ಬಿಗೆ ಹೋಗ್ಬೇಕು.” ಬೇಳೆ ಬೇಳೆಯ ಡಬ್ಬಿಗೆ, ಬೆಲ್ಲ ಬೆಲ್ಲದ ಡಬ್ಬಿಗೆ, ಬಳೆ ಕೈಗೆ, ಕಣ ದರ್ಜಿಯ ಬಳಿಗೆ, ಮೊರ ಗೋಡೆಯ ಮೊಳೆಗೆ. ಗಾಜಿನಂಗಡಿಯ ಬುಟ್ಟಿಯನ್ನು ಈ ಒರೆಗೆ ಹಚ್ಚಿ ನೋಡಿದರೆ ಅದರ ಅರ್ಧದಷ್ಟು ಗಾತ್ರ ಕತ್ತರಿಸಿದ ಬಣ್ಣದ ಕಾಗದ ಮತ್ತು ಥರ್ಮೋಕೋಲೆಂದು ತಿಳಿಯುತ್ತದೆ. ಅದು ಸೇರುವ ಡಬ್ಬಿ ಕಸದ ಡಬ್ಬಿಯೊಂದೇ.

ಪಾತ್ರೆಯ ವಿಚಾರಕ್ಕೆ ಬರೋಣ. ಮೊರವನ್ನು ಹೆಣೆಯುವವರು ಮೇದರು. ಬಿದಿರನ್ನು ಸೀಳಿ, ದೆಬ್ಬೆ ತೆಗೆದು, ಹಿಂಭಾಗವನ್ನು ಎತ್ತರಿಸಿ ಮುಂಭಾಗವನ್ನು ತೆರೆದಿಡುವ ಆ ಆಕಾರವು ಕೇರುವ ಕೆಲಸಕ್ಕಾಗಿ ಹುಟ್ಟಿದ್ದು. ಜಳ್ಳು ಮುಂದಕ್ಕೆ ಹಾರಿ ಕಾಳು ಹಿಂದೆ ನಿಲ್ಲಬೇಕಷ್ಟೆ. ಹೆಣಿಗೆಯ ಸಂದುಗಳಲ್ಲಿ ಹಿಟ್ಟು ಸೋರದಂತೆ ನೆನೆದ ಕಾಗದವನ್ನೂ ಮೆಂತ್ಯವನ್ನೂ ರುಬ್ಬಿ ಬಳಿಯುವ ರೂಢಿ ಹಿಂದಿನ ಮನೆಗಳಲ್ಲಿ ಇತ್ತು. ಶಿಡ್ಲಘಟ್ಟದ ಸೀಮೆಯಲ್ಲಿ ಈ ಬಿದಿರಿನ ಕಸುಬಿಗೆ ಇನ್ನೊಂದು ಮುಖವುಂಟು: ಹಣ್ಣಾದ ರೇಷ್ಮೆಹುಳುಗಳು ಗೂಡು ಕಟ್ಟುವ ಚಂದ್ರಿಕೆ, ರೈತರ ಬಾಯಲ್ಲಿ ಚಂದ್ರಂಕಿ, ಚಾಪೆಯ ಮೇಲೆ ಬಿದಿರಿನ ಪಟ್ಟಿಯನ್ನು ಸುರುಳಿ ಸುರುಳಿಯಾಗಿ ನಿಲ್ಲಿಸಿ ಹೆಣೆದದ್ದು. ಗೌರಿಬಿದನೂರಿನ ಹೆಸರಿನಲ್ಲಿ ಗೌರಿಯಿದ್ದಾಳೆ. ಮಲೆನಾಡಿನ ಬಿದನೂರು ಬಿದಿರಿನಿಂದ ಬಂದ ಹೆಸರೆಂದು ಹೇಳುವುದುಂಟಾದ್ದರಿಂದ, ನಮ್ಮ ಈ ಊರಿನ ಹೆಸರೂ ಒಂದು ಬಾಗಿನವೇ ಎಂದು ನಾನು ಮನಸ್ಸಿನಲ್ಲಿ ವಿನೋದಪಟ್ಟುಕೊಳ್ಳುತ್ತೇನೆ. ಶಾಸನಜ್ಞರು ಇದಕ್ಕೆ ಆಧಾರ ಕೇಳದೆ ಕ್ಷಮಿಸಬೇಕು.

ಬಾಗಿನದ ಬಳೆಗಳ ಪ್ರಸ್ತಾಪ ಬಂದಾಗ ಕೈವಾರದ ನೆನಪಾಗದೆ ಇರದು. ಚಿಂತಾಮಣಿ ತಾಲ್ಲೂಕಿನ ಆ ಊರಿನಲ್ಲಿ ತಾತಯ್ಯನೆಂದು ಪೂಜೆಗೊಳ್ಳುವ ಯೋಗಿ ನಾರೇಯಣರು ಸಂಸಾರದಲ್ಲಿದ್ದಾಗ ಊರೂರು ತಿರುಗಿ ಬಳೆ ಮಾರಿ ಜೀವಿಸಿದವರು. ಬಳೆಗಾರನ ಮಲಾರವು ಹಟ್ಟಿಯ ಹೆಂಗಸರ ಪಾಲಿಗೆ ತವರಿನ ಸುದ್ದಿಯ ಗಂಟೂ ಆಗಿದ್ದ ಕಾಲವದು.

ಗೌರಿಯ ಮೊರವು ಗಂಭೀರವಾದುದಾದರೆ ಸಂಕ್ರಾಂತಿಯ ತಟ್ಟೆಯು ಉಲ್ಲಾಸದ್ದು. ಎಳ್ಳು ಬೀರುವ ಹುಡುಗಿಯರು ಹೊತ್ತು ತರುವ ಆ ತಟ್ಟೆಯಲ್ಲಿ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆಗಳ ಮಿಶ್ರಣ, ಸಕ್ಕರೆ ಅಚ್ಚು, ಕಬ್ಬಿನ ತುಂಡು, ಎಲಚಿಹಣ್ಣು, ಬಾಳೆಹಣ್ಣು. ಈ ಮಿಶ್ರಣದ ಹಿಂದಿರುವ ಶ್ರಮವು ತಿನ್ನುವವರಿಗೆ ತಿಳಿಯುವುದಿಲ್ಲ. ಕೊಬ್ಬರಿಯ ಕಂದು ಸಿಪ್ಪೆಯನ್ನು ಹೆರೆದು ಬಿಳುಪಾದ ಮೇಲೆ ಸಣ್ಣಗೆ ಹೆಚ್ಚಬೇಕು. ಬೆಲ್ಲವನ್ನು ಅಡಕತ್ತರಿಯಿಂದ ಕಡಲೆಗಾತ್ರಕ್ಕೆ ಕತ್ತರಿಸಬೇಕು. ಎರಡನ್ನೂ ಬೇರೆ ಬೇರೆಯಾಗಿ ದಿನಗಟ್ಟಲೆ ಬಿಸಿಲಿನಲ್ಲಿ ಒಣಗಿಸಬೇಕು. ತೇವವುಳಿದ ಬೆಲ್ಲವು ಎಳ್ಳನ್ನೆಲ್ಲ ಮೈಗಂಟಿಸಿಕೊಂಡು ಮುದ್ದೆಗಟ್ಟುತ್ತದೆ, ತೇವವುಳಿದ ಕೊಬ್ಬರಿ ಮುಗ್ಗುತ್ತದೆ. ಹೀಗಾಗಿ ಐದು ಪದಾರ್ಥಗಳು ಕೂಡಿಯೂ ತಮ್ಮತನವನ್ನು ಉಳಿಸಿಕೊಳ್ಳುವಂತೆ ಮಾಡುವುದು ಸೂರ್ಯನೇ ಹೊರತು ಬೇರೆ ಯಾರೂ ಅಲ್ಲ. ಹೊಸದಾಗಿ ಮದುವೆಯಾದವಳು ವರ್ಷಕ್ಕೆ ಐದೈದರಂತೆ ಹೆಚ್ಚಿಸುತ್ತ ಐದು ವರ್ಷ ಬಾಳೆಹಣ್ಣು ಬೀರುವ ಪದ್ಧತಿಯೂ ಕೆಲವು ಮನೆಗಳಲ್ಲಿ ಉಂಟು.

ಇಂದು ಈ ಊರುಗಳ ನಡುವೆ ನಿಂತು ಒಂದು ಹೊಸ ಬುಟ್ಟಿಯನ್ನು ಕಲ್ಪಿಸುವವನಿಗೆ ದೂರದ ಚಾಕೊಲೇಟಿನ ಅವಶ್ಯಕತೆಯೇನೂ ಇಲ್ಲ. ಶಿಡ್ಲಘಟ್ಟವು ರೇಷ್ಮೆಗೂಡಿನ ಮಾರುಕಟ್ಟೆಗೂ ನೂಲು ಬಿಚ್ಚುವ ಕಸುಬಿಗೂ ಹೆಸರಾದ ಊರು. ಚಿಟ್ಟೆ ಕೊರೆದುಕೊಂಡು ಹೊರಬಂದ ಗೂಡಿನಲ್ಲಿ ಎಳೆ ತುಂಡಾಗಿರುವುದರಿಂದ ಅದು ಬಿಚ್ಚಾಣಿಕೆಗೆ ಬಾರದು. ಆದರೆ ಅಂಥ ಗೂಡುಗಳನ್ನೇ ಪೋಣಿಸಿದ ಹಾರವನ್ನು ಅಲ್ಲಿ ಅತಿಥಿಗಳ ಕೊರಳಿಗೆ ಹಾಕುತ್ತಾರೆ. ಹಳೆಯ ಚಂದ್ರಿಕೆಯ ತುಂಡನ್ನು ತಟ್ಟೆಯಾಗಿಸಿ, ಅಂಥದೊಂದು ಹಾರವನ್ನು ಸುತ್ತಿಟ್ಟು, ನಡುವೆ ರೇಷ್ಮೆಯ ರವಿಕೆ ಕಣವನ್ನು ಮಡಿಸಿ, ಕಾಲವಾದರೆ ಒಂದು ಹಿಡಿ ಹಿಪ್ಪುನೇರಳೆ ಹಣ್ಣನ್ನು ದೊನ್ನೆಯಲ್ಲಿಟ್ಟರೆ, ಸೊಪ್ಪಿನಿಂದ ಸೀರೆಯವರೆಗಿನ ಕಥೆಯೆಲ್ಲ ಒಂದು ತಟ್ಟೆಯಲ್ಲಿ ಬಂದಂತಾಯಿತು. ಚಿಂತಾಮಣಿಯ ಬುಟ್ಟಿಗೆ ಕಡಲೆಕಾಯಿ, ಹೊಸ ಹುಣಸೆಹಣ್ಣು, ಅಲ್ಲಿಯ ಕೃಷಿ ಸಂಶೋಧನಾ ಕೇಂದ್ರದ ಪ್ರಯತ್ನದಿಂದ ‘ಚಿಂತಾಮಣಿ-1’ ಎಂಬ ತಳಿಯ ಹೆಸರನ್ನೇ ಪಡೆದ ಗೋಡಂಬಿ. ಮಾಗಿಯ ಬುಟ್ಟಿಗೆ ಸೊಗಡಿನ ಅವರೆಕಾಯಿ, ಜೊತೆಗೆ ರಾಗಿಹಿಟ್ಟು; ಬೆಂಗಳೂರಿನಲ್ಲಿ ನೆಲಸಿದ ಮಗನಿಗೆ ಹಿತಕಿದಬೇಳೆಯನ್ನು ಹಿತಕಿಯೇ ಕಳುಹಿಸುವ ತಾಯಿಯರೂ ಇದ್ದಾರೆ, ಸೊಸೆಗೆ ಅಷ್ಟು ಪುರುಸೊತ್ತಿಲ್ಲವೆಂಬ ಸಣ್ಣ ಚುಚ್ಚುಮಾತಿನೊಂದಿಗೆ. ವಿದೇಶದಲ್ಲಿರುವವರಿಗೆ ಕಳುಹಿಸುವುದಾದರೆ ಹಸಿ ಹಣ್ಣು, ಬಿತ್ತನೆಗೆ ಬರುವ ಕಾಳು ಇವು ಅನೇಕ ದೇಶಗಳ ಗಡಿಯಲ್ಲಿಯೇ ತಡೆಯಲ್ಪಡುವುದರಿಂದ, ಹುರಿಹಿಟ್ಟು, ಚಟ್ನಿಪುಡಿ, ಕೋಡುಬಳೆಗಳಂಥ ಒಣ ಪದಾರ್ಥಗಳೇ ಕ್ಷೇಮ.

ಚಿಕ್ಕಬಳ್ಳಾಪುರದ ಬುಟ್ಟಿಯ ನಾಯಕಮಣಿ ದ್ರಾಕ್ಷಿ. ದಪ್ಪ ಸಿಪ್ಪೆಯ, ಕಡುಗಂಪಿನ ‘ಬೆಂಗಳೂರು ನೀಲಿ’ಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ. ನಾನೊಮ್ಮೆ ಮಿತ್ರರೊಬ್ಬರ ಗೃಹಪ್ರವೇಶಕ್ಕೆಂದು ಅಂಥ ಗೊಂಚಲುಗಳನ್ನು ಕೊಂಡು, ಅಂದವಾಗಿರಲೆಂದು ಪಾರದರ್ಶಕ ಹಾಳೆಯಿಂದ ಬಿಗಿಯಾಗಿ ಸುತ್ತಿಸಿ ಬಸ್ಸಿನಲ್ಲಿ ಒಯ್ದೆ. ಇಳಿದು ಬಿಚ್ಚುವಷ್ಟರಲ್ಲಿ ಹಾಳೆಯ ಒಳಮೈಯೆಲ್ಲ ಬೆವರಿ, ಕೆಳಗಿನ ಹಣ್ಣುಗಳು ಮೇಲಿನ ತೆಂಗಿನಕಾಯಿಯ ಭಾರಕ್ಕೆ ಒಡೆದು, ಗೃಹಪ್ರವೇಶದ ಹೊಗೆಯಲ್ಲಿಯೂ ಮರೆಯಾಗದಂಥ ಹುಳಿವಾಸನೆ ಹೊರಟಿತ್ತು. ಅಂದಿನಿಂದ ನಾನು ಕಲಿತದ್ದು ಇಷ್ಟು. ಭಾರವಾದದ್ದು ತಳದಲ್ಲಿರಬೇಕು. ಹಣ್ಣಿನ ಕೆಳಗೆ ಬಾಳೆಲೆಯಿರಬೇಕು, ಮೇಲೆ ಗಾಳಿಯಾಡಬೇಕು. ಮುಚ್ಚಲೇಬೇಕೆಂದರೆ ತೆಳುವಾದ ಬಟ್ಟೆಯಿಂದ ಮುಚ್ಚತಕ್ಕದ್ದು. ಮಾಗುವ ಬಾಳೆಹಣ್ಣು ಎಥಿಲೀನ್ ಎಂಬ ಅನಿಲವನ್ನು ಬಿಡುವುದರಿಂದ ಪಕ್ಕದ ಸೀಬೆ, ಮಾವುಗಳನ್ನು ಅವಸರವಾಗಿ ಹಣ್ಣು ಮಾಡುತ್ತದೆ; ಮರುದಿನ ತಲಪಬೇಕಾದ ಬುಟ್ಟಿಯಲ್ಲಿ ಅದನ್ನು ದೂರವಿಡುವುದು ಒಳ್ಳೆಯದು. ಹೂವಿನಲ್ಲಿ ಮಲ್ಲಿಗೆಗೆ ಒಂದು ಸಂಜೆಯ ಆಯುಸ್ಸು, ಸೇವಂತಿಗೆಗೂ ಕನಕಾಂಬರಕ್ಕೂ ಅದಕ್ಕಿಂತ ಹೆಚ್ಚು.

ಬಾಣಂತಿಯ ಬುಟ್ಟಿಯದು ಬೇರೆಯ ಧರ್ಮ. ಮೆಣಸು, ಒಣಶುಂಠಿ, ಬೆಳ್ಳುಳ್ಳಿ, ಕೊಬ್ಬರಿ, ತುಪ್ಪ, ಮಗುವಿನ ಮೈಗೆ ಒತ್ತದಂತೆ ತೊಳೆದು ತೊಳೆದು ಮೆತ್ತಗಾದ ಹಳೆಯ ಹತ್ತಿ ಸೀರೆ. ಇದರಲ್ಲಿ ಹೊಸದಕ್ಕಿಂತ ಹಳೆಯದಕ್ಕೇ ಬೆಲೆ ಹೆಚ್ಚು. ಮಗಳನ್ನು ಕಳುಹಿಸುವಾಗ ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ತುಂಬುವ ನಮ್ಮ ಪದ್ಧತಿಯ ಹೆಸರನ್ನೇ ಸರ್ಕಾರವೂ ಎರವಲು ಪಡೆದುದುಂಟು. ಕೋಲಾರದಿಂದ ಬೇರ್ಪಟ್ಟು ಚಿಕ್ಕಬಳ್ಳಾಪುರ ಜಿಲ್ಲೆ ಹುಟ್ಟಿದ 2007ರಲ್ಲಿಯೇ ಕರ್ನಾಟಕದಲ್ಲಿ ‘ಮಡಿಲು’ ಯೋಜನೆ ಬಂದಿತು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯಾದ ಬಡತಾಯಂದಿರಿಗೆ ಸೊಳ್ಳೆಪರದೆ, ಹೊದಿಕೆ, ಸೋಪು, ಮಗುವಿನ ಬಟ್ಟೆ ಮುಂತಾದ 19 ಸಾಮಾನುಗಳ ಕಿಟ್ಟು ಅದರಲ್ಲಿ ದೊರೆಯುತ್ತಿತ್ತು. ಫಿನ್ಲೆಂಡ್ ದೇಶದಲ್ಲಿ 1938ರಿಂದ ಬಡತಾಯಂದಿರಿಗೂ, 1949ರಿಂದ ಎಲ್ಲ ತಾಯಂದಿರಿಗೂ ಇಂಥ ಪೆಟ್ಟಿಗೆ ಸಲ್ಲುತ್ತಿದೆ. ಅಲ್ಲಿ ಪೆಟ್ಟಿಗೆಯೇ ಮಗುವಿನ ಮೊದಲ ಹಾಸಿಗೆಯಾಗಬಲ್ಲುದು. ಪಾತ್ರೆಯೂ ಉಡುಗೊರೆಯ ಅಂಗವೇ ಎಂದು ಆ ಹಿಮದ ನಾಡಿನವರೂ ಕಂಡುಕೊಂಡರಲ್ಲ ಎಂದು ನನಗೆ ಸಂತೋಷ.

ಬಾಗಿನವನ್ನು ಮನುಷ್ಯರಿಗಷ್ಟೇ ಕೊಡುವುದಲ್ಲ. ಕೃಷ್ಣರಾಜಸಾಗರ ತುಂಬಿದ ವರ್ಷ ಮುಖ್ಯಮಂತ್ರಿಗಳು ಕಾವೇರಿಗೆ ಬಾಗಿನ ಬಿಡುವುದನ್ನು ಪತ್ರಿಕೆಗಳಲ್ಲಿ ನೋಡುತ್ತೇವೆ. ವರ್ಷವಿಡೀ ಹರಿಯುವ ಹೊಳೆಯೊಂದೂ ಇಲ್ಲದ ನಮ್ಮ ಸೀಮೆಯಲ್ಲಿ ಆ ಮರ್ಯಾದೆ ಕೆರೆಗಳಿಗೆ ಸಲ್ಲುತ್ತದೆ. 2021ರ ಅಕಾಲಿಕ ಮಳೆಯಲ್ಲಿ ಎಷ್ಟೋ ವರ್ಷ ಒಣಗಿದ್ದ ಕೆರೆಗಳು ಕೋಡಿ ಬಿದ್ದಾಗ, ನೀರನ್ನು ನೋಡುವುದಕ್ಕೇ ಜನ ಕಟ್ಟೆಯ ಮೇಲೆ ಜಾತ್ರೆ ನೆರೆದರು. ಅಂಥ ಹೊತ್ತಿನಲ್ಲಿ ಊರ ಹೆಂಗಸರು ಸೀರೆ, ಬಳೆ, ಅರಿಶಿನಗಳ ಮೊರವನ್ನು ನೀರಿಗೆ ಒಪ್ಪಿಸಿ, ಅದು ಅಲೆಗಳ ಮೇಲೆ ತುಸು ದೂರ ತೇಲಿ ಹೋಗುವವರೆಗೆ ಕೈಮುಗಿದು ನಿಲ್ಲುತ್ತಾರೆ.

ನಮ್ಮ ಅಡುಗೆಮನೆಯ ಮೊಳೆಯಲ್ಲಿ ಈಗ ತೂಗುತ್ತಿರುವ ಮೊರವು ಹೋದ ವರ್ಷ ಎದುರುಮನೆಯಿಂದ ಬಂದ ಬಾಗಿನದ್ದು. ಅಂಚಿನ ಅರಿಶಿನ ಮಾಸಿದೆ, ಒಂದು ಮೂಲೆಯಲ್ಲಿ ದೆಬ್ಬೆ ಎದ್ದಿದೆ. ಜೊತೆಯ ಮೊರದಲ್ಲಿ ಅವರೆಕಾಳು ಹರಡಿ ಬಿಸಿಲಿಗಿಟ್ಟಿದ್ದಾರೆ. ಬೇಳೆ ಬಂದ ಡಬ್ಬಿಯನ್ನು ಹಿಂದಿರುಗಿಸುವುದು ಇನ್ನೂ ಬಾಕಿಯಿದೆ. ಬರಿಯ ಡಬ್ಬಿಯನ್ನು ಕಳುಹಿಸಬಾರದೆಂದು ಮನೆಯಾಕೆ ಅದರಲ್ಲಿ ಹಾಕುವುದಕ್ಕೆ ಏನೋ ಹುಡುಕುತ್ತಿದ್ದಾಳೆ.