ಮೇಸ್ತ್ರಿ ಬದಲಾದರೆ ಫಸಲು ಬದಲಾದೀತೆ?

ಹೇಮಾವತಿಯ ಉಗಮಸ್ಥಾನವಾದ ಜಾವಳಿಯಲ್ಲಿ ಡಿಸೆಂಬರೆಂದರೆ ಅರೇಬಿಕಾ ಕೊಯ್ಲಿನ ಕಾಲ. ಹಗಲೆಲ್ಲ ಕಣದಲ್ಲಿ ಹರವಿದ ಕಾಫಿಯನ್ನು ಸಂಜೆಗೆ ರಾಶಿ ಮಾಡಿ, ಟಾರ್ಪಾಲು ಹೊದಿಸಿ ಮನೆಗೆ ಬಂದವರಿಗೆ ಬಚ್ಚಲೊಲೆಯ ಬಿಸಿನೀರು ಮತ್ತು ನಿದ್ರೆ, ಇವೆರಡಲ್ಲದೆ ಬೇರೆ ಬಯಕೆ ಇರುವುದಿಲ್ಲ. ಆದರೆ 2023ರ ಡಿಸೆಂಬರ್ 8ರ ರಾತ್ರಿ ನಮ್ಮ ಮನೆಯಲ್ಲಿ ಯಾರಿಗೂ ಬೇಗ ನಿದ್ರೆ ಬರಲಿಲ್ಲ. ತನ್ನದೇ ಅಂಗಳವಾದ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಕಾಲ್ಚೆಂಡು ತಂಡವು ಮುಂಬಯಿ ಸಿಟಿಗೆ ನಾಲ್ಕು ಗೋಲುಗಳನ್ನು ಬಿಟ್ಟುಕೊಟ್ಟು ಸೋತಿತ್ತು. ತಾನಾಗಿ ಒಂದನ್ನೂ ಹೊಡೆಯಲಿಲ್ಲ. ಟೆಲಿವಿಷನ್ ಆರಿದ ಮೇಲೂ ಅಣ್ಣನ ಮಗನ ಸಿಟ್ಟು ಆರಲಿಲ್ಲ.

"ಮೊದಲು ಆ ಕೋಚನ್ನ ಬದಲಿಸ್ಬೇಕು ಚಿಕ್ಕಪ್ಪ. ಮುಂದೆ ಹೋದ ಚೆಂಡನ್ನ ಮತ್ತೆ ಹಿಂದಕ್ಕೇ ಕೊಡ್ತಾರಲ್ಲ, ಇದೆಂಥ ಆಟ!"

ಮರುದಿನವೇ ಅವನ ಬಯಕೆ ಈಡೇರಿತು. ತರಬೇತುದಾರ ಸೈಮನ್ ಗ್ರೇಸನ್ ಅವರೂ ಕ್ಲಬ್ಬೂ ಬೇರೆಯಾದ ವಾರ್ತೆ ಬಂದಿತು.

ಅಭಿಮಾನಿಯ ಕೋಪವನ್ನು ಹುಡುಗಾಟವೆಂದು ತಳ್ಳಿಹಾಕುವುದು ತರವಲ್ಲ. ಕ್ರಿಕೆಟ್ಟಿನಲ್ಲಿ ಸೋತ ತಂಡವೂ ಒಂದಷ್ಟು ಓಟಗಳನ್ನು ಗಳಿಸಿರುತ್ತದೆ; ಸೋಲಿನಲ್ಲೂ ಎಣಿಸಿಕೊಳ್ಳಲು ಏನಾದರೂ ಉಳಿದಿರುತ್ತದೆ. ಕಾಲ್ಚೆಂಡಾಟದಲ್ಲಿ ತೊಂಬತ್ತು ನಿಮಿಷ ಬರಿಗೈಯಲ್ಲಿ ಕಳೆದುಹೋಗಬಹುದು. ಅದೂ ಅಲ್ಲದೆ, ಮೇಲಿನಿಂದ ನೋಡುವ ಪ್ರೇಕ್ಷಕನಿಗೆ ಇಡೀ ಬಯಲು ಕಾಣುತ್ತದೆ. ಎಡಗಡೆ ತೆರವಾಗಿದ್ದರೂ ಬಲಗಡೆಯ ಗುಂಪಿನೊಳಕ್ಕೇ ಚೆಂಡನ್ನು ತಳ್ಳಿದರೆ ಅವನ ಜೀವ ಚಡಪಡಿಸುತ್ತದೆ. ಹನ್ನೊಂದು ಮಂದಿಯನ್ನು ಒಮ್ಮೆಗೇ ಬೈಯಲಾಗುವುದಿಲ್ಲ; ಗೆರೆಯಾಚೆ ನಿಂತ ಒಬ್ಬನನ್ನು ಬೈಯಬಹುದು.

ನಮ್ಮ ಸೀಮೆಯ ತೋಟಗಳಲ್ಲಿಯೂ ಇದೇ ನ್ಯಾಯ. ಫಸಲು ಕಡಿಮೆಯಾದ ವರ್ಷ ಮೇಸ್ತ್ರಿಗೆ ಸಂಚಕಾರ. ಆದರೆ ಅರೇಬಿಕಾ ಗಿಡ ಈ ವರ್ಷ ಹಣ್ಣು ಹೊರುವುದು ಕಳೆದ ವರ್ಷ ಬೆಳೆದ ರೆಕ್ಕೆಗಳಲ್ಲಿ. ಹೊಸದಾಗಿ ನೆಟ್ಟ ಗಿಡ ಫಲ ಕೊಡಲು ಮೂರು ನಾಲ್ಕು ವರ್ಷ ಬೇಕು. ಹೊಸ ಮೇಸ್ತ್ರಿ ಎಷ್ಟೇ ನಿಪುಣನಾಗಿರಲಿ, ನಿನ್ನೆ ಬೆಳೆಯದ ರೆಕ್ಕೆಯಲ್ಲಿ ಇಂದು ಹಣ್ಣು ತರಿಸಲಾರ.

ಬೆಂಗಳೂರಿನಲ್ಲಿ ಆದದ್ದೂ ಹೀಗೆಯೇ. ಗ್ರೇಸನ್ ಹೋದ ಕೆಲವೇ ದಿನಗಳಲ್ಲಿ ಸ್ಪೇಯ್ನ್ ದೇಶದ ಜೆರಾರ್ಡ್ ಸರಗೋಸಾ ಬಂದರು. ಆದರೂ ಆ ಋತು ಮುಗಿದಾಗ ಹನ್ನೆರಡು ತಂಡಗಳಲ್ಲಿ ಬೆಂಗಳೂರಿನ ಸ್ಥಾನ ಹತ್ತನೆಯದು. ಹಾಗಾದರೆ ಇವರೂ ಅಸಮರ್ಥರೇ? ಅದೇ ಸರಗೋಸಾ ಮರುವರ್ಷ, ಮೊದಲಿನಿಂದ ಕಟ್ಟಲು ಅವಕಾಶ ದೊರೆತಾಗ, ಅದೇ ತಂಡವನ್ನು ಅಂತಿಮ ಪಂದ್ಯಕ್ಕೆ ಒಯ್ದರು. 2025ರ ಏಪ್ರಿಲ್ 12ರಂದು ಕೋಲ್ಕತ್ತದಲ್ಲಿ ಮೋಹನ್ ಬಾಗಾನ್ ಹೆಚ್ಚುವರಿ ವೇಳೆಯಲ್ಲಿ 2-1ರಿಂದ ಗೆದ್ದಿತು. ಅಂದು ಬೆಂಗಳೂರಿಗೆ ದಕ್ಕಿದ ಒಂದೇ ಗೋಲೂ ಎದುರಾಳಿಯ ಆಟಗಾರನಿಂದಲೇ ಅವರ ಬಲೆಗೆ ಸೇರಿದ್ದು!

ಇಲ್ಲಿಯೇ ಅಭಿಮಾನಿಯ ಗೊಣಗಾಟದೊಳಗಿನ ಸತ್ಯವನ್ನು ಹುಡುಕಬೇಕು. ಆ ಋತುವಿನಲ್ಲಿ ಭಾರತೀಯರ ಪೈಕಿ ಅತಿ ಹೆಚ್ಚು, ಎಂದರೆ 14 ಗೋಲುಗಳನ್ನು ಹೊಡೆದವರು ಬೆಂಗಳೂರಿನ ಸುನಿಲ್ ಚೆಟ್ರಿ. ಅವರಿಗೆ ಆಗ ನಲವತ್ತು ವರ್ಷ. ಅದಕ್ಕೆ ಮೊದಲೇ, 2024ರ ಜೂನ್ 6ರಂದು, 94 ಗೋಲುಗಳ ಗಳಿಕೆಯೊಡನೆ ಅವರು ದೇಶದ ತಂಡಕ್ಕೆ ವಿದಾಯ ಹೇಳಿದ್ದರು. ಆ ವರ್ಷವಿಡೀ ಭಾರತ ಒಂದು ಪಂದ್ಯವನ್ನೂ ಗೆಲ್ಲಲಿಲ್ಲ. 2025ರ ಮಾರ್ಚಿನಲ್ಲಿ ಅವರನ್ನೇ ಮತ್ತೆ ಕರೆತರಬೇಕಾಯಿತು. ಶಿಲ್ಲಾಂಗಿನಲ್ಲಿ ಮಾಲ್ಡೀವ್ಸ್ ಎದುರು 3-0 ಗೆಲುವು. ಮೂರರಲ್ಲಿ ಒಂದು ಚೆಟ್ರಿಯದು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಆರು ದಿನಗಳ ತರುವಾಯ ಅದೇ ಮೈದಾನದಲ್ಲಿ ಬಾಂಗ್ಲಾದೇಶದ ಎದುರು ಒಂದು ಗೋಲೂ ಬರಲಿಲ್ಲ. ಒಂದೇ ನೆರಳುಮರವನ್ನು ನಂಬಿದ ತೋಟದ ಪಾಡು ಇದು. ಮರ ಗಟ್ಟಿಯಾಗಿ ನಿಂತಿದ್ದಷ್ಟು ದಿನ ಪಕ್ಕದಲ್ಲಿ ಇನ್ನೊಂದನ್ನು ನೆಡಬೇಕೆಂಬ ನೆನಪು ಯಾರಿಗೂ ಬರುವುದಿಲ್ಲ.

ಕಾರಣವನ್ನು ದೂರ ಹುಡುಕಬೇಕಾಗಿಲ್ಲ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ ಹನ್ನೊಂದರಲ್ಲಿ ಆರು ಮಂದಿ ಹೊರದೇಶದವರಿದ್ದರು. 2017ರಲ್ಲಿ ಆ ಮಿತಿ ಐದಕ್ಕೂ, 2021ರಲ್ಲಿ ನಾಲ್ಕಕ್ಕೂ ಇಳಿಯಿತು. ಇಂದಿನ ಪಂದ್ಯವನ್ನು ಇಂದೇ ಗೆಲ್ಲಬೇಕಾದ ಕ್ಲಬ್ಬು ಗೋಲು ಹೊಡೆಯುವ ಸ್ಥಾನಕ್ಕೆ ಪಳಗಿದ ಹೊರನಾಡಿನವನನ್ನು ತರುವುದು ಸಹಜ. ಆ ಸ್ಥಾನದಲ್ಲಿ ನಿಂತು, ತಪ್ಪಿ, ಮತ್ತೆ ಕಲಿಯುವ ಅವಕಾಶ ನಮ್ಮ ಹುಡುಗನ ಪಾಲಿಗೆ ಕಿರಿದಾಗುತ್ತದೆ. ಗೋಲು ಹೊಡೆಯುವುದೂ ಒಂದು ಕಸಬು. ನೋಡಿ ಕಲಿಯುವಂಥದಲ್ಲ, ಮಾಡಿ ಕಲಿಯಬೇಕಾದ್ದು.

ಇಂಥ ಕಸಬುದಾರರು ಈ ನಾಡಿನಲ್ಲಿ ಇರಲಿಲ್ಲವೆಂದಲ್ಲ. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಮೈಸೂರು ರಾಜ್ಯದ ತಂಡ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದಿತ್ತು. 1968-69ರ ಆ ನಾಲ್ಕನೆಯ ಗೆಲುವಿನ ನಂತರ ಮುಂದಿನದಕ್ಕೆ ಐವತ್ತನಾಲ್ಕು ವರ್ಷ ಕಾಯಬೇಕಾಯಿತು. 2023ರ ಮಾರ್ಚಿನಲ್ಲಿ ರಿಯಾದ್ ನಗರದಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿತು. ಕಂಠೀರವದ ಸೋಲಿಗೆ ಕೆರಳಿದ ನಮ್ಮ ಮನೆಯಲ್ಲಿ ಈ ಗೆಲುವಿನ ದಿನ ಟೆಲಿವಿಷನ್ ಹಾಕಿದ ನೆನಪೇ ನನಗಿಲ್ಲ. ಕೋಪಕ್ಕೆ ಇರುವ ಚುರುಕು ಅಕ್ಕರೆಗೂ ಇರಬೇಡವೇ?

ಕೋಲ್ಕತ್ತದ ಸೋಲಿನ ರಾತ್ರಿ ಅಣ್ಣನ ಮಗ ಯಾರನ್ನೂ ಬೈಯಲಿಲ್ಲ. ಹೂಮಳೆ ಮುಗಿದು ಗಿಡಗಳಲ್ಲಿ ಮಿಡಿ ಕಚ್ಚಿದ್ದ ದಿನಗಳವು. ಜಗುಲಿಯ ದೀಪ ಆರಿಸುವಾಗ ಮೆಲ್ಲಗೆ ಕೇಳಿದ:

"ಚಿಕ್ಕಪ್ಪ, ಚೆಟ್ರಿ ಆದ್ಮೇಲೆ ಯಾರು?"

ನನ್ನಲ್ಲಿ ಉತ್ತರವಿರಲಿಲ್ಲ. ಆದರೆ ಎರಡು ವರ್ಷಗಳ ಅವನ ಸಿಟ್ಟಿಗಿಂತ ಈ ಒಂದು ಪ್ರಶ್ನೆ ದೊಡ್ಡದೆನಿಸಿತು. ಮೇಸ್ತ್ರಿ ಯಾರೆಂದು ಕೇಳುವುದನ್ನು ಬಿಟ್ಟು, ಸಸಿ ಎಲ್ಲಿದೆಯೆಂದು ಅವನು ಕೇಳತೊಡಗಿದ್ದ.