ಮಗುವಿನ ಹೊಟ್ಟೆನೋವಿಗೆ ಮನೆಯ ಜಗಳವೂ ಕಾರಣ

ಎಂಟು-ಹತ್ತು ವರ್ಷದ ಮಗು ಪದೇ ಪದೇ ಹೊಟ್ಟೆನೋವು ಎನ್ನುತ್ತದೆ. ನಿಂತುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿದೆ. ಶಾಲೆಯಲ್ಲಿ ಸಣ್ಣ ಮಾತಿಗೂ ಕೈ ಎತ್ತುತ್ತದೆ. ಜಂತುಹುಳುವಿನ ಮಾತ್ರೆ ಕೊಟ್ಟದ್ದಾಯಿತು, ತಾಯಿತ ಕಟ್ಟಿಸಿದ್ದಾಯಿತು, ಗುಣ ಕಂಡಿಲ್ಲ. ತಪಾಸಣೆಯಲ್ಲಿ ಬೇರೆ ಕಾಯಿಲೆ ಸಿಗದಿದ್ದರೆ, ಮನೆಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ.

ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗದ ಕುಟುಂಬಗಳಿಗೆ ಕಷ್ಟ ಹೊಸದಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆಯ ಭಾಗಕ್ಕೆ ನೀರು ಬಾರದ ವರ್ಷ ಬೆಳೆ ಒಣಗುತ್ತದೆ, ಸಾಲ ಏರುತ್ತದೆ. ಮಳೆಯನ್ನೇ ನಂಬಿದ ಊರುಗಳಿಂದ ಜನ ಗುಳೆ ಹೋಗುತ್ತಾರೆ. ಮಕ್ಕಳು ಅಜ್ಜ-ಅಜ್ಜಿಯ ಬಳಿ ಉಳಿಯುತ್ತಾರೆ, ಇಲ್ಲವೇ ಶಾಲೆ ಬಿಟ್ಟು ಜೊತೆಗೆ ಹೊರಡುತ್ತಾರೆ. ಈ ಕಷ್ಟದ ಜೊತೆಗೆ ಕುಡಿತ, ಹೊಡೆತ, ಬೈಗುಳ ಸೇರಿದಾಗ ಮಗುವಿನ ಮನಸ್ಸಿಗೆ ಬೀಳುವ ಪೆಟ್ಟು ಆಳವಾಗುತ್ತದೆ.

ಸಂಶೋಧನೆ ಹೇಳುವುದೇನು?

ಅಮೆರಿಕದ ವೈದ್ಯರಾದ ಫೆಲಿಟ್ಟಿ, ಆಂಡಾ ಮತ್ತು ಸಂಗಡಿಗರು 9,508 ವಯಸ್ಕರಿಗೆ ಅವರ ಬಾಲ್ಯದ ಬಗ್ಗೆ ಪ್ರಶ್ನೆ ಕೇಳಿ, 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೊಡೆತ, ಲೈಂಗಿಕ ದೌರ್ಜನ್ಯ, ತಾಯಿಯ ಮೇಲಿನ ಹಲ್ಲೆ, ಮನೆಯವರ ಕುಡಿತ ಮುಂತಾದವುಗಳಲ್ಲಿ ನಾಲ್ಕು ಅಥವಾ ಹೆಚ್ಚು ಬಗೆಯ ಕಷ್ಟ ಕಂಡವರಲ್ಲಿ ಮದ್ಯವ್ಯಸನ, ಖಿನ್ನತೆ, ಆತ್ಮಹತ್ಯೆ ಯತ್ನಗಳ ಅಪಾಯ, ಯಾವುದನ್ನೂ ಕಾಣದವರಿಗಿಂತ 4ರಿಂದ 12 ಪಟ್ಟು ಹೆಚ್ಚಾಗಿತ್ತು.

ಭಯವಾದಾಗ ದೇಹದಲ್ಲಿ ಅಡ್ರಿನಲಿನ್, ಕಾರ್ಟಿಸಾಲ್ ಹಾರ್ಮೋನುಗಳು ಏರುತ್ತವೆ. ದಿನವೂ ಹೀಗಾದರೆ ಮಗು ಸದಾ ಬೆದರಿಕೊಂಡೇ ಇರುತ್ತದೆ. ನಿದ್ದೆ, ಓದು ಕೆಡುತ್ತವೆ. ತಮಾಷೆಯ ಮಾತೂ ಬೆದರಿಕೆಯಂತೆ ಕೇಳಿಸುತ್ತದೆ. ಸಿಟ್ಟು ಬಂದರೆ ಹೊಡೆಯಬೇಕು ಎಂಬ ಪಾಠವನ್ನೂ ಅದು ಮನೆಯಲ್ಲೇ ಕಲಿಯುತ್ತದೆ.

ಇದು ಹಣೆಬರಹವಲ್ಲ

ಪೆಟ್ಟು ತಿಂದು ಬೆಳೆದವರೆಲ್ಲ ಹೊಡೆಯುವವರಾಗುವುದಿಲ್ಲ. ನಂಬಿ ಮಾತಾಡಲು ಒಬ್ಬ ಹಿರಿಯರಿದ್ದರೂ ಮಗು ಚೇತರಿಸಿಕೊಳ್ಳಬಲ್ಲದು. ಅದು ಅಜ್ಜಿಯಾಗಿರಬಹುದು, ಸೋದರಮಾವನಾಗಿರಬಹುದು, ಶಾಲೆಯ ಮೇಷ್ಟ್ರಾಗಿರಬಹುದು. ಹಾಸಿಗೆ ಒದ್ದೆ ಮಾಡಿದ ಮಗುವನ್ನು ಹೊಡೆಯಬೇಡಿ, ನಾಲ್ಕು ಜನರೆದುರು ಹೀಯಾಳಿಸಬೇಡಿ. ಊಟ, ನಿದ್ದೆ, ಶಾಲೆಯ ಹೊತ್ತು ತಪ್ಪದಂತೆ ನೋಡಿಕೊಳ್ಳಿ. ಗುಳೆ ಹೋದವರು ನಿಗದಿತ ಹೊತ್ತಿಗೆ ಫೋನ್ ಮಾಡಿ ಮಗುವಿನೊಡನೆ ಮಾತಾಡಿ. ಕುಡಿತ ಬಿಡಲಾಗದಿದ್ದರೆ ಅದಕ್ಕೂ ಚಿಕಿತ್ಸೆ ಇದೆ.

ಮನೋರೋಗಕ್ಕೆ ದೂರದ ಊರಿಗೇ ಹೋಗಬೇಕೆಂದಿಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಈ ಚಿಕಿತ್ಸೆ ಸಾಧ್ಯವೆಂದು 1985ರಲ್ಲಿ ನಿಮ್ಹಾನ್ಸ್ ಆರಂಭಿಸಿದ ಯೋಜನೆ ತೋರಿಸಿದ್ದು ನಮ್ಮ ನೆರೆಯ ಬಳ್ಳಾರಿಯಲ್ಲಿಯೇ. ಮೊದಲು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ವಿಚಾರಿಸಿ. 2022ರಲ್ಲಿ ಶುರುವಾದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಗುವಿಗೆ ಅಪಾಯವಿದ್ದರೆ 1098, ಹೊಡೆತ ತಿನ್ನುತ್ತಿರುವ ಮಹಿಳೆಯರಿಗೆ 181 ಇವೆ. ತಾಯಿಯ ಮೇಲೆ ಕೈ ಎತ್ತುವುದು ನಿಂತರೆ, ಅದೇ ಮಗುವಿಗೆ ಸಿಗುವ ಮೊದಲ ಔಷಧಿ.